ಮನೆಯೊಳಗೆ ಗಿಡ: ಅಕ್ಕನಿಗೆ ಬೇಕು, ತಮ್ಮನಿಗೆ ಬೇಡ

ಪ್ರಶ್ನೆ ಇಷ್ಟೆ: ಮನೆಯೊಳಗೆ ಕುಂಡವಿಟ್ಟು ಗಿಡ ಸಾಕಬೇಕೇ, ಬೇಡವೇ? ಬರೆದವರು ಒಡಹುಟ್ಟಿದವರು. ಊರು ಸಾಗರದ ಕಡೆ, ಈಗ ಇಬ್ಬರೂ ಬೆಂಗಳೂರಿನಲ್ಲಿ. ತಮ್ಮ ಅಕ್ಕನ ಬರಹ ಓದಿ ತನ್ನದನ್ನು ಬರೆದಿದ್ದಾನೆ. ಅಕ್ಕ ಅವನದನ್ನು ಇನ್ನೂ ಓದಿಲ್ಲ.

ಪರ: ಗೋಡೆ ನೋಡಿಕೊಂಡು ಬದುಕುವವರಿಗೆ

ನಮ್ಮ ಫ್ಲ್ಯಾಟಿಗೆ ನಾಲ್ಕು ಕಿಟಕಿ. ಮೂರರಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಗೋಡೆಗಂಟಿದ ಪೈಪು, ಪೈಪಿನ ಮೇಲೆ ಕೂತ ಪಾರಿವಾಳ. ನಾಲ್ಕನೆಯದು ಪೂರ್ವಕ್ಕಿದೆ. ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಅಲ್ಲಿ ಬಿಸಿಲು ಬೀಳುತ್ತದೆ. ಆ ಒಂದೂವರೆ ಗಂಟೆಯ ಬಿಸಿಲನ್ನು ನೆಚ್ಚಿಕೊಂಡು ನಮ್ಮಲ್ಲಿ ಹತ್ತೊಂಬತ್ತು ಕುಂಡಗಳಿವೆ. ಇವಕ್ಕೂ ಮೊದಲು ಹನ್ನೊಂದು ಗಿಡಗಳನ್ನು ಕೊಂದಿದ್ದೇನೆ. ಹಾಗಾಗಿ ನನ್ನದನ್ನು ನರ್ಸರಿಯವರ ಮಾತು ಅಂದುಕೊಳ್ಳಬೇಡಿ, ಕೈ ಸುಟ್ಟುಕೊಂಡವಳ ಮಾತು ಅಂದುಕೊಳ್ಳಿ.

ಮೊದಲಿಗೆ ನಮ್ಮ ಪಕ್ಷದ ಒಂದು ಸುಳ್ಳನ್ನು ನಾನೇ ತೆಗೆದು ಹೊರಗಿಡುತ್ತೇನೆ. ಗಿಡ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಅನ್ನುವುದು ಆ ಸುಳ್ಳು. ಇದರ ಬೇರು 1989ರಲ್ಲಿದೆ. ಆ ವರ್ಷ ನಾಸಾದ ಬಿ.ಸಿ. ವೊಲ್ವರ್ಟನ್ ಮತ್ತು ಸಂಗಡಿಗರ ವರದಿಯೊಂದು ಬಂತು. ಗಿಡಗಳನ್ನು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಎಂಬ ವಿಷದ ಆವಿಗಳನ್ನು ಬಿಟ್ಟು, ಎಷ್ಟು ಇಳಿಯಿತು ಎಂದು ಅಳೆದಿದ್ದರು. ಇಳಿದದ್ದು ನಿಜವೇ. ಆದರೆ ಅವರ ತಲೆಯಲ್ಲಿದ್ದದ್ದು ಹೊರಗಿನ ಗಾಳಿ ಒಳಗೆ ಬರಲಾಗದ, ಬಾಹ್ಯಾಕಾಶ ನಿಲ್ದಾಣದಂಥ ಮುಚ್ಚಿದ ನೆಲೆಗಳು. ನಮ್ಮ ಮನೆಗಳಲ್ಲಿ ಬಾಗಿಲ ಸಂದಿ ಇದೆ, ಕಿಟಕಿ ಇದೆ, ಒಗ್ಗರಣೆ ಘಾಟನ್ನು ಹೊರಗೆ ನೂಕುವ ಫ್ಯಾನ್ ಇದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಹಳೆಯ ಪ್ರಯೋಗಗಳ ಅಂಕಿಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ತಾನಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕಂತೆ. ನಮ್ಮ ಹಾಲ್ 15 ಚದರ ಮೀಟರ್. ಕಡಿಮೆ ಎಂದರೂ 150 ಗಿಡ. ಆಮೇಲೆ ನಾವು ಮೆಟ್ಟಿಲ ಮೇಲೆ ಮಲಗಬೇಕು.

ಇದರ ತಂಗಿಯಂಥ ಇನ್ನೊಂದು ಸುಳ್ಳಿದೆ: ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ, ಮಂಚದ ಪಕ್ಕ ಇಟ್ಟುಕೊಳ್ಳಿ. ಆ ಗಿಡ ಒಣ ನೆಲದ್ದು. ಹಗಲು ಬಾಯಿ ತೆರೆದರೆ ನೀರು ಆರಿಹೋಗುತ್ತದೆಂದು ತನ್ನ ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದನ್ನು ಆಮ್ಲವಾಗಿ ಕೂಡಿಟ್ಟು ಮರುದಿನ ಬೆಳಕಿನಲ್ಲಿ ಅಡುಗೆ ಮಾಡುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕು ಬಿದ್ದಾಗಲೇ. ಹಾಗೆಂದು, ರಾತ್ರಿ ಗಿಡದ ಹತ್ತಿರ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹೆದರಿಸುವವರೂ ಸರಿಯಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುವ ಮನುಷ್ಯ ಹೊರಬಿಡುವ ಗಾಳಿಯ ಮುಂದೆ ನಾಲ್ಕು ಕುಂಡಗಳದ್ದು ಲೆಕ್ಕಕ್ಕಿಲ್ಲ.

ಗಾಳಿಯ ಮಾತು ಬಂದಾಗ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ನೆನಪಾಗುತ್ತಾನೆ. ಕಲ್ಲಿದ್ದಲ ಹೊಗೆಗೆ ಅವನ ಜರೀಗಿಡಗಳೆಲ್ಲ ಸಾಯುತ್ತಿದ್ದವು. 1829ರ ಹೊತ್ತಿಗೆ, ಬೇರಾವುದಕ್ಕೋ ಮುಚ್ಚಿಟ್ಟ ಗಾಜಿನ ಬಾಟಲಿಯ ಮಣ್ಣಲ್ಲಿ ಒಂದು ಜರೀಗಿಡ ತಾನಾಗಿ ಚಿಗುರಿದ್ದು ಕಂಡ. ಮುಂದೆ ಅದೇ ಗಾಜಿನ ಪೆಟ್ಟಿಗೆಯಾಗಿ ಇಂಗ್ಲೆಂಡಿನ ಮನೆಮನೆಯ ಒಳಗೂ ಗಿಡ ತಂದಿತು. ಅವನು ಊರ ಗಾಳಿಯಿಂದ ಗಿಡವನ್ನು ಕಾಪಾಡಲು ಹೊರಟಿದ್ದ. ನಾವು ಗಿಡದ ಕೈಲಿ ಊರ ಗಾಳಿ ತೊಳೆಸಲು ಹೊರಟಿದ್ದೇವೆ.

ಹಾಗಾದರೆ ಯಾಕೆ ಬೇಕು? ಗೋಡೆಗಾಗಿ.

1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆ ತೆಗೆದು, ಒಬ್ಬರಿಗೊಬ್ಬರು ಹೋಲುವ 23 ಜೋಡಿಗಳನ್ನು ಆರಿಸಿದ್ದರು. ಜೋಡಿಯಲ್ಲಿ ಒಬ್ಬರ ಹಾಸಿಗೆಯಿಂದ ಕಿಟಕಿಯಾಚೆ ಮರ ಕಾಣುತ್ತಿತ್ತು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು, ನೋವು ಇಳಿಸುವ ಬಲವಾದ ಮದ್ದನ್ನೂ ಕಡಿಮೆ ತೆಗೆದುಕೊಂಡಿದ್ದರು. ಅದು ಹೊರಗಿನ ಮರ, ಒಳಗಿನ ಕುಂಡವಲ್ಲ, ನನಗೆ ಗೊತ್ತು. ಆದರೆ ನನ್ನ ಕಿಟಕಿಯಾಚೆ ಇರುವುದು ಆ ಎರಡನೆಯವರ ಗೋಡೆಯೇ. ಅದನ್ನು ಒಡೆಯಲು ನನಗೆ ಅಧಿಕಾರವಿಲ್ಲ. ಅದರ ಈಚೆ ಒಂದು ಹಸಿರು ನಿಲ್ಲಿಸಬಲ್ಲೆ, ಅಷ್ಟೆ. ದಿನಕ್ಕೆ ಒಂಬತ್ತು ಗಂಟೆ ಪರದೆ ನೋಡುವ ಕೆಲಸ ನನ್ನದು. ನಡುನಡುವೆ ಕಣ್ಣೆತ್ತಿದಾಗ ಪೈಪಿನ ಬದಲು ಎಲೆ ಕಾಣುವುದು ಸಣ್ಣದೇನಲ್ಲ.

ಇನ್ನೊಂದು, ಗಿಡ ನೋಡುವುದನ್ನು ಕಲಿಸುತ್ತದೆ. ಆ ಹನ್ನೊಂದರಲ್ಲಿ ಒಂಬತ್ತು ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಈಗ ನರ್ಸರಿಯಿಂದ ಬರುವ ಕುಂಡದಲ್ಲಿ ಮಣ್ಣಿಗಿಂತ ಹೆಚ್ಚಾಗಿ ತೆಂಗಿನ ನಾರಿನ ಪುಡಿ ಇರುತ್ತದೆ, ಕೋಕೋಪೀಟ್ ಅನ್ನುತ್ತಾರಲ್ಲ ಅದು. ಮೇಲೆ ಮುಟ್ಟಿದರೆ ಒಣಗಿದಂತೆ, ಅಡಿಯಲ್ಲಿ ಪಿಚಿಪಿಚಿ. ಬೇರಿಗೂ ಗಾಳಿ ಬೇಕು. ನೀರಲ್ಲೇ ನಿಂತರೆ ಅದು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದೆ ಎಲೆ ಬಾಡುತ್ತದೆ. ಬಾಡಿತೆಂದು ನಾವು ಇನ್ನೊಂದು ಲೋಟ ಸುರಿಯುತ್ತೇವೆ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಬೇಕು ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ನಮ್ಮ ಹತ್ತೊಂಬತ್ತೂ ಆ ಬೇಸಿಗೆ ಕಳೆದದ್ದು ಅಕ್ಕಚ್ಚಿನಲ್ಲಿ. ಊರಲ್ಲಿ ಅಕ್ಕಿ ತೊಳೆದ ನೀರು ದನಕ್ಕೆ ಹೋಗುತ್ತಿತ್ತು, ಇಲ್ಲಿ ಸಿಂಕಿಗೆ ಹೋಗುತ್ತಿತ್ತು. ಫಿಲ್ಟರ್ ಯಂತ್ರ ಹೊರಚೆಲ್ಲುವ ನೀರನ್ನು ಮಾತ್ರ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಸೇರಿಕೊಂಡಿರುತ್ತದೆ, ನಾಲ್ಕು ತಿಂಗಳಲ್ಲಿ ಕುಂಡದ ಬಾಯಿಗೆ ಬಿಳಿ ಕಟ್ಟುತ್ತದೆ.

ಇಷ್ಟರ ಮೇಲೆ ಅಮ್ಮನ ವಿಷಯ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅರ್ಧ ವರ್ಷ ನಮ್ಮಲ್ಲಿ, ಅರ್ಧ ವರ್ಷ ತಮ್ಮನಲ್ಲಿ. ಐವತ್ತು ವರ್ಷ ಹಿತ್ತಿಲು, ಕೊಟ್ಟಿಗೆ, ಅಡಿಕೆ ಅಂಗಳ ಎಂದು ಓಡಾಡಿದ ಹೆಂಗಸು. ಫ್ಲ್ಯಾಟಿಗೆ ಬಂದ ಮೊದಲ ತಿಂಗಳು ಸೋಫಾದ ತುದಿಯಲ್ಲಿ, ನೆಂಟರ ಮನೆಗೆ ಬಂದವರ ಹಾಗೆ ಕೂತಿರುತ್ತಿದ್ದರು. "ಹೊತ್ತೇ ಹೋಗ್ತಿಲ್ಲ ಮಾರಾಯ್ತಿ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಕೆಲಸ ಕೊಟ್ಟರೆ ಮಗಳು ದುಡಿಸಿಕೊಂಡಳು ಅನ್ನಿಸೀತು, ಕೊಡದಿದ್ದರೆ ಹೀಗೆ. ಒಂದು ದಿನ ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ಊರಿಂದಾಚೆ ಹೋಗಬೇಕಾಗಿ ಗಿಡಗಳನ್ನು ಅವರಿಗೊಪ್ಪಿಸಿ ಹೋದೆ. ಬರುವಷ್ಟರಲ್ಲಿ ಕುಂಡಗಳ ಜಾಗ ಬದಲಾಗಿತ್ತು. ದೊಡ್ಡಪತ್ರೆ ಪೂರ್ವದ ಕಿಟಕಿಗೆ ಬಂದಿತ್ತು, ನಾನು ಚೆಂದಕ್ಕೆಂದು ಅಲ್ಲಿಟ್ಟಿದ್ದ ಮನಿಪ್ಲಾಂಟ್ ಮೂಲೆಗೆ ಹೋಗಿತ್ತು. "ಇದಕ್ಕೆ ಬಿಸಿಲು ಬೇಕು, ಅದು ಹ್ಯಾಗಾದ್ರೂ ಬದುಕ್ಕೊಳ್ತದೆ." ಅಂದಿನಿಂದ ಆ ಮನೆಯಲ್ಲಿ ಅಮ್ಮನ ಮಾತು ನಡೆಯುವ ಒಂದು ಇಲಾಖೆ ಆಯಿತು.

ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಒಂದು ಮಹಡಿಯವರಿಗೆ ನಿಮ್ಮ ದಿನವನ್ನು ನೀವೇ ನಿರ್ಧರಿಸಿ ಎಂದು ಹೇಳಿ, ಸ್ವತಃ ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವ ಕೆಲಸ ನರ್ಸುಗಳದ್ದು. ಮೊದಲಿನವರು ಹೆಚ್ಚು ಚುರುಕಾದರು, ಹೆಚ್ಚು ಖುಷಿಯಾಗಿದ್ದರು. ಅದರಲ್ಲಿ ಗಿಡದ ಪಾಲೆಷ್ಟು, ಸ್ವಾತಂತ್ರ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ನನಗೆ ಅದರಲ್ಲಿ ಮುಖ್ಯವೆನಿಸಿದ್ದು ಬೇರೆ: ಗಿಡ ಎರಡೂ ಮಹಡಿಯಲ್ಲಿತ್ತು. ನೀರು ಹಾಕುವ ಕೈ ಯಾರದು ಅನ್ನುವುದಷ್ಟೇ ಬೇರೆ.

ಕೊನೆಗೆ ಬ್ರಹ್ಮಕಮಲ. ಹೆಸರು ನಮ್ಮದು, ಗಿಡ ಮಧ್ಯ ಅಮೆರಿಕದ ಕಡೆಯ ಪಾಪಸುಕಳ್ಳಿಯ ಜಾತಿ. ಹಿಮಾಲಯದ ನಿಜವಾದ ಬ್ರಹ್ಮಕಮಲವೇ ಬೇರೆ. ನಮ್ಮ ಮನೆಯದು ಇಡೀ ವರ್ಷ ಬಾಲ್ಕನಿ ಗ್ರಿಲ್ಲಿಗೆ ಒರಗಿಕೊಂಡು ಜೋತುಬಿದ್ದಿರುತ್ತದೆ, ನೋಡಲು ಏನೂ ಇಲ್ಲ. ಹೋದ ವರ್ಷ ಜೂನಿನಲ್ಲಿ ಒಂದು ಸಂಜೆ ಮೊಗ್ಗಿನ ಕತ್ತು ಮೇಲಕ್ಕೆದ್ದಿತ್ತು. ಕುಂಡವನ್ನು ಹಾಲ್‌ಗೆ ತಂದಿಟ್ಟೆವು. ರಾತ್ರಿ ಹತ್ತಕ್ಕೆ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಮುದುಡಿರುತ್ತದೆ. ಒಬ್ಬರೇ ನೋಡುವುದು ಹೇಗೆ? ಅಮ್ಮ ಮಹಡಿಯ ಎಲ್ಲ ಬಾಗಿಲನ್ನೂ ತಟ್ಟಿ ಕರೆದರು. ಮೂರು ವರ್ಷದಿಂದ ಲಿಫ್ಟಿನಲ್ಲಿ ಮೊಬೈಲ್ ನೋಡುತ್ತ ನಿಂತವರು ಅಂದು ನಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಫಿ ಕುಡಿದರು. ಎದುರು ಮನೆಯವರು ಎರಡು ಎಲೆ ಕಿತ್ತುಕೊಂಡು ಹೋಗಿ ನೆಟ್ಟಿದ್ದಾರೆ. ಈಗ ಅವರಿಗೆ ಸಂತೆಯಲ್ಲಿ ಒಳ್ಳೆಯ ಕೊತ್ತಂಬರಿ ಸೊಪ್ಪು ಸಿಕ್ಕಿದ ದಿನ ನಮ್ಮ ಬಾಗಿಲ ಹಿಡಿಗೂ ಒಂದು ಕಟ್ಟು ತೂಗಿರುತ್ತದೆ.

ವಿರೋಧ: ಸಾಯಲು ಪುರಸೊತ್ತು ಬೇಡುವ ಗಿಡಗಳು

ಅಕ್ಕ ಬುದ್ಧಿವಂತೆ. ಗಾಳಿ ಶುದ್ಧಿಯ ಸುಳ್ಳನ್ನು ತಾನೇ ತೆಗೆದಿಟ್ಟು ನನ್ನ ಕೈಯಲ್ಲಿದ್ದ ದೊಡ್ಡ ಕೋಲನ್ನೇ ಕಿತ್ತುಕೊಂಡಿದ್ದಾಳೆ. ಇರಲಿ. ನನ್ನ ಜಗಳ ಗಾಳಿಯದಲ್ಲ, ಬೆಳಕಿನದು.

ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಸಿಗುತ್ತದೆ. ಪಕ್ಕಾ ಅಳತೆ ಅಲ್ಲ, ಅಂದಾಜಿಗೆ ಸಾಕು. ಲಕ್ಸ್ ಅನ್ನುವುದು ಬೆಳಕಿನ ಅಳತೆ. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಮೋಡ ಕವಿದ ದಿನವೂ ಬಯಲಿನಲ್ಲಿ 10,000ದ ಆಸುಪಾಸು ಇರುತ್ತದೆ. ನಮ್ಮ ಹಾಲ್‌ನಲ್ಲಿ, ನಾವು ಈ ಮನೆಗೆ ಬಂದಾಗ ಅಕ್ಕ ಕೊಟ್ಟ ಗಿಡ ಇಟ್ಟಿದ್ದ ಸೋಫಾ ಪಕ್ಕದ ಮೂಲೆಯಲ್ಲಿ, ಬೆಳಗ್ಗೆ ಹನ್ನೊಂದಕ್ಕೆ ಹಿಡಿದು ನೋಡಿದೆ: 90. ನಮ್ಮ ಕಣ್ಣು ಇದನ್ನು ಮುಚ್ಚಿಡುತ್ತದೆ. ಪಾಪೆ ಹಿಗ್ಗಿಸಿಕೊಂಡು, ಇಲ್ಲೂ ಬೇಕಾದಷ್ಟು ಬೆಳಕಿದೆ ಎಂದು ನಮ್ಮನ್ನು ನಂಬಿಸುತ್ತದೆ. ಎಲೆಗೆ ಪಾಪೆ ಇಲ್ಲ.

ಒಳಗಿಡುವ ಗಿಡ ಎಂಬ ಜಾತಿಯೇ ಸೃಷ್ಟಿಯಲ್ಲಿಲ್ಲ. ದೊಡ್ಡ ಮರಗಳ ಅಡಿಯಲ್ಲಿ, ಸೋಸಿ ಬರುವ ಬೆಳಕಿನಲ್ಲಿ ಬದುಕುವ ಉಷ್ಣವಲಯದ ಕಾಡುಗಿಡಗಳನ್ನು ತಂದು ಆ ಹೆಸರಿಟ್ಟಿದ್ದೇವೆ. ಕಾಡಿನ ನೆರಳು ಬೇರೆ, ಕಾಂಕ್ರೀಟಿನ ನೆರಳು ಬೇರೆ. ಪಶ್ಚಿಮ ಆಫ್ರಿಕಾದ ಸ್ನೇಕ್ ಪ್ಲಾಂಟಾಗಲಿ ಪೂರ್ವ ಆಫ್ರಿಕಾದ ಜೀಜೀ ಗಿಡವಾಗಲಿ ಬರಗಾಲಕ್ಕೆಂದು ಎಲೆಯಲ್ಲೋ ಗೆಡ್ಡೆಯಲ್ಲೋ ಕೂಡಿಟ್ಟುಕೊಂಡು ಬಂದಿರುತ್ತವೆ. ಆ ಗಂಟನ್ನು ಕರಗಿಸುತ್ತ ಒಂದು ವರ್ಷ, ಎರಡು ವರ್ಷ ನಿಲ್ಲುತ್ತವೆ. ನಾವು ಅದನ್ನು "ನೆರಳಲ್ಲೂ ಚೆನ್ನಾಗಿ ಬರ್ತದೆ" ಅನ್ನುತ್ತೇವೆ. ಅದು ಚೆನ್ನಾಗಿ ಬಂದದ್ದಲ್ಲ, ಸಾಯಲು ಪುರಸೊತ್ತು ತೆಗೆದುಕೊಂಡದ್ದು. ಅಕ್ಕ ಕೊಂದದ್ದು ಹನ್ನೊಂದು ಎಂದು ಬರೆದಿದ್ದಾಳೆ. ಈಗಿರುವ ಹತ್ತೊಂಬತ್ತರಲ್ಲಿ ಕಳೆದ ಒಂದು ವರ್ಷದಲ್ಲಿ ಹೊಸ ಎಲೆ ಬಿಟ್ಟವು ಎಷ್ಟು ಎಂದು ಬರೆದಿಲ್ಲ.

ಅವಳ ದೊಡ್ಡಪತ್ರೆಯನ್ನೇ ನೋಡಿ. ಊರಲ್ಲಿ ಬಾವಿಕಟ್ಟೆ ಪಕ್ಕ ಅದು ಯಾರೂ ಕೇಳದೆ ದಟ್ಟವಾಗಿ ಹಬ್ಬುತ್ತಿತ್ತು. ಇಲ್ಲಿ ಕಿಟಕಿಯ ಕಡೆ ಕತ್ತು ಚಾಚಿ, ಗೆಣ್ಣು ಗೆಣ್ಣಿನ ನಡುವೆ ಗೇಣುದ್ದ ಬಿಟ್ಟು, ಹಸಿದವರ ಹಾಗೆ ನಿಂತಿದೆ. ಹೋದ ಬಾರಿ ಅಮ್ಮ ತಂಬುಳಿ ಮಾಡಬೇಕೆಂದಾಗ ಬೇಕಾದದ್ದು ಎಂಟು ಎಲೆ, ಗಿಡದಲ್ಲಿದ್ದದ್ದು ಒಂಬತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಿದ್ದವರು ಈಗ ಹಾಲ್‌ನ ಗಿಡವೇ ಮದ್ದು ಅನ್ನುತ್ತಿದ್ದಾರೆ.

ಇನ್ನು ತಟ್ಟೆಯ ಕತೆ. ಕುಂಡದ ಅಡಿಗೆ ಇಡುವ ತಟ್ಟೆ.

2024ರ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆದಂಥ ನೋವು, ಮೂಳೆಮೂಳೆಯಲ್ಲೂ ಕಿತ್ತಾಟ, ಪ್ಲೇಟ್‌ಲೆಟ್ ಎಷ್ಟಾಯಿತೆಂದು ದಿನಾ ಸೂಜಿ. ಜ್ವರ ಬಿಟ್ಟ ವಾರಕ್ಕೆ ಆಶಾ ಕಾರ್ಯಕರ್ತೆಯೊಬ್ಬರು ಲಾರ್ವಾ ಸಮೀಕ್ಷೆಗೆ ಬಂದರು. ನಾನು ಅವರನ್ನು ಹೊರಗಿನ ಚರಂಡಿಯ ಕಡೆ ಕರೆದುಕೊಂಡು ಹೊರಟರೆ, ಅವರು ಟಾರ್ಚ್ ಹಿಡಿದು ನೇರ ನಮ್ಮ ಹಾಲ್‌ಗೆ ನಡೆದರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ಅದಕ್ಕೆ ತಿಳಿನೀರೇ ಬೇಕು ಅಂದರು. ಮೂರು ತಟ್ಟೆಗಳಲ್ಲಿ, ಮನಿಪ್ಲಾಂಟ್ ಇಟ್ಟ ಗಾಜಿನ ಬಾಟಲಿಯಲ್ಲಿ, ಪುಟ್ಟ ಪುಟ್ಟ ಹುಳುಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ನನ್ನ ಸೊಳ್ಳೆಯನ್ನು ನಾನೇ ಸಾಕಿದ್ದೆ, ಸೋಫಾದಿಂದ ನಾಲ್ಕಡಿ ದೂರದಲ್ಲಿ.

ನೀರು ಚೆಲ್ಲಿಬಿಟ್ಟರೆ ಆಯಿತಲ್ಲ ಅಂದೆ. ಆಗದು. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿಡುತ್ತದೆ. ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಕಾದಿರುತ್ತದೆ. ಮತ್ತೆ ನೀರು ಮುಟ್ಟಿದ ದಿನ ಒಡೆದು, ಬೆಚ್ಚಗಿದ್ದರೆ ಎಂಟು ಹತ್ತು ದಿನದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ಹಾಗಾಗಿ ವಾರಕ್ಕೊಮ್ಮೆ ತಟ್ಟೆಯನ್ನು ಚೆಲ್ಲುವುದಲ್ಲ, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಕು. ಹತ್ತೊಂಬತ್ತು ಕುಂಡಕ್ಕೆ ಹತ್ತೊಂಬತ್ತು ತಟ್ಟೆ, ಪ್ರತಿ ವಾರ, ತಪ್ಪದೆ. ಯಾರು ಮಾಡುತ್ತಾರೆ? ಆ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಎಂದಿತು. ನನಗೆ ದಂಡ ಬೀಳಲಿಲ್ಲ. ಅದಕ್ಕಿಂತ ಹೆಚ್ಚು ರಕ್ತಪರೀಕ್ಷೆಗೇ ಕೊಟ್ಟಾಗಿತ್ತು.

ಎರಡನೆಯ ಪೆಟ್ಟು ಮಗಳಿಗೆ ಬಿತ್ತು. ಒಂದೂವರೆ ವರ್ಷದ ಕೂಸು, ಸಿಕ್ಕಿದ್ದೆಲ್ಲ ಬಾಯಿಗೆ. ಅಕ್ಕ ಕೊಟ್ಟಿದ್ದ ಆ ಡಿಫನ್‌ಬೇಕಿಯಾದ ಎಲೆಯ ತುಂಡೊಂದನ್ನು ಜಗಿದುಬಿಟ್ಟಳು. ನಿಮಿಷದೊಳಗೆ ತುಟಿ ದಪ್ಪಗಾಯಿತು, ಜೊಲ್ಲು ಸುರಿಯತೊಡಗಿತು, ನುಂಗಲಾರದೆ ಕಿರುಚಾಟ. ಬಾಯಿ ಒರೆಸಿ, ತಣ್ಣನೆ ಹಾಲು ಕುಡಿಸಿ ಆಸ್ಪತ್ರೆಗೆ ಓಡಿದೆವು. ಸಂಜೆಗೆ ಇಳಿಯಿತು. ಗಂಟಲ ಒಳಗೆ ಊದಿದ್ದರೆ ಉಸಿರಾಟಕ್ಕೇ ತೊಂದರೆಯಾಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಹೆಂಡತಿ ಇವತ್ತಿಗೂ ಮರೆತಿಲ್ಲ. ಇಂಗ್ಲಿಷಿನಲ್ಲಿ ಈ ಗಿಡಕ್ಕೆ ಮೂಗನ ದಂಟು ಅನ್ನುವಂಥ ಹೆಸರೇ ಇದೆಯಂತೆ. ನಾಲಿಗೆ ಊದಿ ಮಾತು ನಿಲ್ಲುವುದರಿಂದ.

ನಾಚಿಕೆಯೆಂದರೆ, ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಕೆಸುವಿನ ಎಲೆಗೆ ಹುಣಸೆಹುಳಿ ಹಾಕದೆ ಕರಕಲಿ ಮಾಡಿದರೆ ಗಂಟಲು ಕೆರೆಯುತ್ತದೆ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಚುಚ್ಚುವುದರಿಂದ ಹಾಗಾಗುತ್ತದೆ. ಡಿಫನ್‌ಬೇಕಿಯಾ, ಮನಿಪ್ಲಾಂಟ್, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ, ಸಿಂಗೋನಿಯಂ, ಪೀಸ್ ಲಿಲ್ಲಿ, ಜೀಜೀ: ನರ್ಸರಿಯ ಒಳಾಂಗಣ ಸಾಲಿನಲ್ಲಿ ಅರ್ಧಕ್ಕರ್ಧ ಕೆಸುವಿನ ವಂಶದವೇ, ಸುವರ್ಣಗೆಡ್ಡೆಯ ನೆಂಟರೇ. ಊರಲ್ಲಿ ಕೆಸುವನ್ನು ಯಾರೂ ತೊಟ್ಟಿಲ ಪಕ್ಕ ಇಡುತ್ತಿರಲಿಲ್ಲ. ಹೊಳೆಯುವ ಪಿಂಗಾಣಿ ಕುಂಡದಲ್ಲಿ ಕೂತು ಬಂದರೆ ನಮಗೆ ಗುರುತೇ ಸಿಗುವುದಿಲ್ಲ. ಬೆಕ್ಕು ಸಾಕಿದವರಿಗೆ ಒಂದು ಮಾತು: ನಿಜವಾದ ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಪ್ರಾಣಕ್ಕೇ ಬರುತ್ತದೆ.

ಹಿಟ್ಟುತಿಗಣೆ, ಕೋಕೋಪೀಟಿನಿಂದ ಏಳುವ ಪುಟ್ಟ ಕಪ್ಪು ನೊಣ, ಮಳೆಗಾಲದಲ್ಲಿ ಕುಂಡದ ಹಿಂದಿನ ಗೋಡೆಗೆ ಹತ್ತುವ ಬೂಸಲು, ಇವನ್ನೆಲ್ಲ ಹೇಳಿ ಬೇಸರ ತರಿಸುವುದಿಲ್ಲ. ಬಾಡಿಗೆ ಮನೆಯವರ ಪಾಡು ಮಾತ್ರ ಹೇಳಲೇಬೇಕು. ಆರು ವರ್ಷದಲ್ಲಿ ಮೂರು ಮನೆ ಬದಲಿಸಿದ್ದೇನೆ. ಸಾಮಾನು ಸಾಗಿಸುವವರು ಫ್ರಿಜ್ಜು, ಬೀರು, ದೇವರ ಮಂಟಪ ಎಲ್ಲ ಎತ್ತಿದರು; ಕುಂಡ ಕಂಡೊಡನೆ "ಇದು ನಮ್ದಲ್ಲ ಸಾರ್" ಎಂದು ಕೈ ಒದರಿದರು. ಪ್ರತಿ ಸಲವೂ ಹೆಂಡತಿಯ ತೊಡೆಯ ಮೇಲೆ ಎರಡು, ಕಾಲ ಬುಡದಲ್ಲಿ ನಾಲ್ಕು.

ವ್ಯಾಪಾರದ ಗುಟ್ಟೂ ಇದರಲ್ಲೇ ಇದೆ. ಆಂಧ್ರದ ಕಡಿಯಂ ಕಡೆಯಿಂದ ಲಾರಿಗಟ್ಟಲೆ ಗಿಡ ಬರುತ್ತದೆ. ಹಸಿರು ಪರದೆಯಡಿ, ತೇವದಲ್ಲಿ, ಗೊಬ್ಬರದ ಆರೈಕೆಯಲ್ಲಿ ಮಿರಮಿರ ಮಿಂಚುವಂತೆ ಬೆಳೆದ ಗಿಡ ಅದು. ನಮ್ಮ 90 ಲಕ್ಸ್ ಮೂಲೆಗೆ ಬಂದ ತಿಂಗಳಿಗೆ ಎಲೆ ಉದುರಿಸಿದರೆ ನಮ್ಮ ಕೈಗುಣ ಸರಿಯಿಲ್ಲ ಎಂದು ನಾವೇ ನೊಂದುಕೊಂಡು ಇನ್ನೊಂದು ತರುತ್ತೇವೆ. ಸತ್ತದ್ದನ್ನು ಎಸೆಯುವಾಗಲೂ ಎಚ್ಚರ ಬೇಕು. ಮನಿಪ್ಲಾಂಟ್ ಹುಟ್ಟಿದ್ದು ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದಲ್ಲಿ. ಒಳಗೆ ಅಂಗೈಯಗಲದ ಎಲೆ ಬಿಡುವ ಅದೇ ಬಳ್ಳಿ ಹೊರಗೆ ಮರ ಹತ್ತಿದರೆ ಮೊರದಗಲ ಎಲೆ ಬಿಡುತ್ತದೆ. ಶ್ರೀಲಂಕೆಯ ಕ್ಯಾಂಡಿಯ ಪಕ್ಕದ ಉಡವತ್ತಕೆಲೆ ಕಾಡಿನಲ್ಲಿ ನೆಲವನ್ನೂ ಮರವನ್ನೂ ಮುಚ್ಚಿ ಬೇರೆ ಗಿಡ ಏಳದಂತೆ ಮಾಡಿದೆ.

ಈಗ ಅಕ್ಕನ ಗೋಡೆಗೆ ಬರುತ್ತೇನೆ. ಉಲ್ರಿಚ್ ಅವರ ಆ 23 ಜೋಡಿಗಳನ್ನು ಅವಳು ತನ್ನ ಸಾಕ್ಷಿಯಾಗಿ ಕರೆದಿದ್ದಾಳೆ. ಅವರು ನನ್ನ ಸಾಕ್ಷಿಗಳು. ಅವರು ಕಂಡದ್ದು ಕಿಟಕಿಯಾಚೆಯ ಮರ. ಮಳೆ ಗಾಳಿಗೆ ಆಡುವ, ಋತುವಿಗೆ ತಕ್ಕಂತೆ ಬದಲಾಗುವ ಮರ. ನಮ್ಮ ಬೀದಿಯಲ್ಲಿ ಒಂದು ಹೊಂಗೆ ಇದೆ. ಅದರ ಎದುರಿನ ಮನೆಯೊಳಗೆ ನಲವತ್ತು ಕುಂಡ, ಗೋಡೆಗೆಲ್ಲ ಹಸಿರು, ಬಂದವರೆಲ್ಲ ಫೋಟೊ ತೆಗೆಯುತ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆಯ ಹೂವು ಕಾರಿನ ಮೇಲೆ ಉದುರುತ್ತದೆಂದು ಆ ಮನೆಯವರೇ ರಾತ್ರೋರಾತ್ರಿ ಅರ್ಧ ಮರ ಬೋಳಿಸಿದರು. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕೆನ್ನುವ ಕಾನೂನು 1976ರಿಂದ ಇದೆ. ಕೇಳಿದ್ದಕ್ಕೆ, "ನಮಗೂ ಗಿಡ ಅಂದ್ರೆ ಪ್ರಾಣ ಕಣ್ರೀ, ಒಳಗೆ ಬಂದು ನೋಡಿ" ಅಂದರು. ಒಳಗಿನ ಹಸಿರು ಕಣ್ಣಿಗೆ ಸಾಕಾಗಿ ಹೊರಗಿನದು ಬೇಡವಾಗುವುದನ್ನು ನಾನು ಹೀಗೆ ಕಣ್ಣಾರೆ ಕಂಡೆ. ಅಕ್ಕ ಅಂಥವಳಲ್ಲ. ಆದರೆ ಅವಳ ಫ್ಲ್ಯಾಟಿನ ಮುಂದೆ ಎರಡು ಹೊಂಡ ತೋಡಿಸಿ ಸಸಿ ನೆಡಿಸೋಣ ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ. ಸಂಘದ ಸಭೆಯಲ್ಲಿ ಅವಳು ಇನ್ನೂ ಆ ಮಾತು ಎತ್ತಿಲ್ಲ.

ಅಮ್ಮನ ವಿಷಯದಲ್ಲಿ ಅವಳು ಬರೆದದ್ದೆಲ್ಲ ನಿಜ. ಅಲ್ಲಿ ಅಮ್ಮನಿಗೆ ಆ ಗಿಡಗಳು ಬೇಕಿದ್ದವು, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ನಡೆದದ್ದನ್ನಷ್ಟೇ ಸೇರಿಸುತ್ತೇನೆ. ಹೋದ ಜುಲೈನಲ್ಲಿ ಒಂದು ರಾತ್ರಿ ಜೋರು ಮಳೆ. ಸದ್ದಾಯಿತೆಂದು ಎದ್ದು ಬಂದರೆ ಮುಂಬಾಗಿಲು ತೆರೆದಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲ್‌ನ ಕುಂಡಗಳನ್ನು ಒಂದೊಂದೇ ಎಳೆದುಕೊಂಡು ಹೋಗಿ ಕಾಂಪೌಂಡಿನಲ್ಲಿ ಮಳೆಗೆ ನಿಲ್ಲಿಸುತ್ತಿದ್ದರು. ಸೊಂಟ ನೋವಿನ ಹೆಂಗಸು. "ಏನಮ್ಮಾ ಇದು, ಇಷ್ಟೊತ್ತಲ್ಲಿ" ಅಂದೆ. "ನೀನು ಆ ಕಡೆ ಹಿಡಿ" ಅಂದರು.

ಆ ಕುಂಡಗಳು ಮತ್ತೆ ಒಳಗೆ ಬರಲಿಲ್ಲ. ನಾಲ್ಕರಲ್ಲಿ ಒಂದು ಬಿಸಿಲಿಗೆ ಎಲೆ ಸುಟ್ಟುಕೊಂಡು ಹೋಯಿತು, ನೆರಳಿಗೆ ಒಗ್ಗಿದ್ದನ್ನು ದಿಢೀರನೆ ಹೊರಗಿಟ್ಟ ತಪ್ಪು ನಮ್ಮದು. ಉಳಿದ ಮೂರು ಚೆನ್ನಾಗಿವೆ. ಡಿಫನ್‌ಬೇಕಿಯಾ ಮಾತ್ರ ಮಗಳ ಕೈಗೆಟುಕದಂತೆ ಟೆರೇಸಿನಲ್ಲಿದೆ. ಅಕ್ಕ, ಭಾನುವಾರ ಬರುವಾಗ ಚೀಲ ತಗೊಂಡು ಬಾ, ಅದನ್ನು ನೀನೇ ವಾಪಸ್ ಒಯ್ಯಬೇಕು. ತಟ್ಟೆ ಕೇಳಬೇಡ, ಎಸೆದಾಗಿದೆ.